ರೂಪಾಯಿ ಕರಗಿಸಿ ಮಾಡಿದ ಕಪ್

ಇಂಗ್ಲೆಂಡ್–ಸ್ಕಾಟ್ಲೆಂಡ್ ರಗ್ಬಿ ಪಂದ್ಯದ ಕಪ್ಪಿನ ಹೆಸರು ಕಲ್ಕತ್ತಾ ಕಪ್! ಇವತ್ತು ಅದರ ಫೋಟೋನೇ ನೋಡ್ತಾ ಕೂತಿದ್ದೆ. ಮೂರು ನಾಗರಹಾವುಗಳೇ ಹಿಡಿಕೆ, ಮುಚ್ಚಳದ ಮೇಲೆ ಆನೆ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ರಗ್ಬಿ ಆಡಿದರು. ಮರುವರ್ಷವೇ ಕ್ಲಬ್ ಕಟ್ಟಿದರು. ಆದರೆ ಆ ಸೆಕೆಯಲ್ಲಿ ರಗ್ಬಿ ಎಷ್ಟು ದಿನ ನಡೆದೀತು? ಸದಸ್ಯರು ಪೋಲೋ, ಟೆನಿಸ್ ಕಡೆ ಹೋದರು. 1878ರಲ್ಲಿ ಕ್ಲಬ್ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ ಈ ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು.

ಕಪ್ ಅಲ್ಲೇ ಉಳಿಯಿತು. ಆಟ ಮಾತ್ರ ಇಲ್ಲಿ ಸಾಯಲಿಲ್ಲ. ಈಗ ಕೋಲ್ಕತ್ತಾದ ಮೈದಾನದಲ್ಲಿ ಜಂಗಲ್ ಕ್ರೋಸ್ ಕ್ಲಬ್ಬಿನ ಬಡ ಮನೆಗಳ ಮಕ್ಕಳು ಅದೇ ರಗ್ಬಿ ಆಡುತ್ತಾರೆ. ನನಗೆ ಆ ಬೆಳ್ಳಿಗಿಂತ ಈ ಮಕ್ಕಳೇ ಜಾಸ್ತಿ ಇಷ್ಟವಾದರು.