ಕ್ರಾಪೋ ಫುಲ್ ಫ್ರೇಮೋ? ಮೊದಲು ಹಕ್ಕಿಯೋ ಯಕ್ಷಗಾನವೋ ಹೇಳಿ

"ಸಾರ್, ಕ್ರಾಪ್ ಸೆನ್ಸರ್ ಸಾಕಾ, ಇಲ್ಲಾ ಫುಲ್ ಫ್ರೇಮ್‌ಗೇ ಹೋಗಿಬಿಡಲಾ?" ಹೊಸದಾಗಿ ಕ್ಯಾಮೆರಾ ಕೊಳ್ಳುವವರೂ ಕೇಳುತ್ತಾರೆ, ಇರುವುದನ್ನು ಮಾರಿ ದೊಡ್ಡದು ತರಬೇಕು ಅಂತಿರುವವರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಇಷ್ಟು: ಏನನ್ನು ತೆಗೆಯುತ್ತೀರಿ? ಎಷ್ಟು ದೂರದಿಂದ? ಯಾವ ಬೆಳಕಲ್ಲಿ? ಬಜೆಟ್ ಮಾತು ಆಮೇಲೆ.

ಅಳತೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ; ದೊಡ್ಡದಕ್ಕೆ ಫುಲ್ ಫ್ರೇಮ್ ಅಂತಾರೆ, ಚಿಕ್ಕದಕ್ಕೆ ಕ್ರಾಪ್. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್ ಇರುತ್ತದೆ, ಹಳೇ ಫಿಲ್ಮ್ ರೋಲಿನ ಒಂದು ಫ್ರೇಮಿನಷ್ಟೇ. ನಿಕಾನ್, ಸೋನಿ, ಫ್ಯೂಜಿ ಕ್ರಾಪ್ ಸೆನ್ಸರ್ ಸುಮಾರು 23.5×15.6. ಕ್ಯಾನನ್‌ನದು ಇನ್ನೂ ಒಂಚೂರು ಚಿಕ್ಕದು. ಡಿಜಿಟಲ್ ಬಂದ ಕಾಲಕ್ಕೆ ದೊಡ್ಡ ಸೆನ್ಸರ್ ಮಾಡುವುದು ವಿಪರೀತ ದುಬಾರಿಯಾಗಿತ್ತು, ಅದಕ್ಕೇ ಚಿಕ್ಕದು ಚಾಲ್ತಿಗೆ ಬಂತು. ನಿಕಾನ್ 1999ರಲ್ಲಿ ಪತ್ರಿಕೆಯವರಿಗೆಂದೇ ತಂದ ಡಿ1 ಕೂಡ ಕ್ರಾಪ್. ಆ ಕಂಪನಿಯ ಮೊದಲ ಫುಲ್ ಫ್ರೇಮ್ ಡಿ3 ಬಂದಿದ್ದು 2007ರಲ್ಲಿ. ಅಲ್ಲಿಯವರೆಗೆ ನಿಕಾನ್ ಡಿಜಿಟಲ್ ಹಿಡಿದ ಎಲ್ಲ ವೃತ್ತಿಪರರೂ ಕ್ರಾಪ್‌ನಲ್ಲೇ ಹೊಟ್ಟೆ ಹೊರೆದದ್ದು. ಕ್ರಾಪ್ ಅಂದರೆ ಕಲಿಯುವವರ ಕ್ಯಾಮೆರಾ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಮುಂದೆ ಹೋಗಿ, ನಂಬಬೇಡಿ.

ಈಗ ಹಕ್ಕಿಗೆ ಬರೋಣ. ಕ್ರಾಪ್‌ಗೆ ಹಾಕಿದರೆ 500 ಎಂಎಂ ಲೆನ್ಸ್ 750 ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಲೆನ್ಸ್ ಎಲ್ಲೂ ಬೆಳೆಯುವುದಿಲ್ಲ. ಸೆನ್ಸರ್ ಚಿಕ್ಕದಿರುವುದರಿಂದ ನೋಟದ ನಡುಭಾಗ ಮಾತ್ರ ಸಿಗುತ್ತದೆ, ಅಷ್ಟೇ. ಹಾಗಿದ್ದೂ ಹಕ್ಕಿಗೆ ಕ್ರಾಪ್ ಒಳ್ಳೆಯದು ಅನ್ನುತ್ತೇನೆ. ಕೆರೆಯ ಆಚೆ ಒಣಕೊಂಬೆ ಮೇಲೆ ಮಿಂಚುಳ್ಳಿ ಕೂತಿದೆ ಅಂದುಕೊಳ್ಳಿ. ಅದೇ ಲೆನ್ಸ್, ಅದೇ ಜಾಗ. ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಗಾತ್ರ ಎರಡೂ ಕ್ಯಾಮೆರಾದಲ್ಲಿ ಒಂದೇ. 24 ಮೆಗಾಪಿಕ್ಸೆಲ್ ಕ್ರಾಪ್‌ನಲ್ಲಿ ಆ ನಡುಭಾಗಕ್ಕೆ ಪೂರ್ತಿ 24 ಸಿಗುತ್ತದೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಅಷ್ಟೇ ಜಾಗಕ್ಕೆ ಹತ್ತರ ಆಸುಪಾಸು. ಕೊಕ್ಕಿನ ಬುಡದ ಸಣ್ಣ ಪುಕ್ಕ ಬಿಡಿಬಿಡಿಯಾಗಿ ಕಾಣುವುದು, ಕಲಸಿಹೋಗುವುದು ಇಲ್ಲೇ ತೀರ್ಮಾನವಾಗುತ್ತದೆ. ಫುಲ್ ಫ್ರೇಮ್‌ನ ಮಿಕ್ಕ ಜಾಗದಲ್ಲಿ ಬಂದಿರುವುದು ಬರೀ ನೀರು ಮತ್ತು ಜೊಂಡು. ಮನೆಗೆ ಬಂದು ಅದನ್ನೆಲ್ಲ ಕತ್ತರಿಸಿ ಎಸೆಯುತ್ತೀರಿ, ದೊಡ್ಡ ಸೆನ್ಸರ್‌ನ ಬೆಳಕಿನ ಲಾಭವೂ ಅದರ ಜೊತೆಗೇ ಹೋಗುತ್ತದೆ.

45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಇದ್ದರೆ ಈ ತೊಂದರೆ ಇಲ್ಲ. ನಿಕಾನ್ ಡಿ850 ಸೆನ್ಸರ್ ನಡುಭಾಗವನ್ನಷ್ಟೇ ಬಳಸುವ ಕ್ರಾಪ್ ಮೋಡ್‌ನಲ್ಲೂ 19 ಮೆಗಾಪಿಕ್ಸೆಲ್ ಮೇಲೆ ಕೊಡುತ್ತದೆ. ಕ್ರಾಪ್ ಕ್ಯಾಮೆರಾ ಡಿ500ರದ್ದು ಸುಮಾರು 21. ಹೆಚ್ಚುಕಮ್ಮಿ ಸರಿಸಮ, ಆದರೆ ಜೇಬಿಗೆ ಸರಿಸಮ ಅಲ್ಲ. ಹಾಂ, ರಂಗನತಿಟ್ಟಿನ ಕಥೆ ಬೇರೆ. ಅಲ್ಲಿ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತದೆ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಉದ್ದ ಲೆನ್ಸ್ ಹಾಕಿದ ಕ್ರಾಪ್‌ನಲ್ಲಿ ತುದಿ ಹೊರಗೇ ಉಳಿದುಬಿಡುತ್ತದೆ.

ಯಕ್ಷಗಾನದವರಿಗೆ ನನ್ನ ಉತ್ತರ ಪೂರ್ತಿ ತಿರುವುಮುರುವು. ರಾತ್ರಿ ಆಟ. ರಂಗಸ್ಥಳದ ಮೇಲೆ ಇರುವಷ್ಟೇ ಬೆಳಕು. ಕಲಾವಿದರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವಂತಿಲ್ಲ, ಹೊಡೆಯಲೂಬಾರದು. ತೆಂಕುತಿಟ್ಟಿನ ವೇಷ ಧೀಂಗಿಣ (ಗಿರಗಿರ ಸುತ್ತುವ ಕುಣಿತ) ಹಾಕುವಾಗ 1/500 ಸೆಕೆಂಡಿಗಿಂತ ನಿಧಾನ ಶಟರ್ ಇಟ್ಟರೆ ಕೈಕಾಲು ಕಲಸಿಹೋಗುತ್ತವೆ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸುತ್ತದೆ ಅನ್ನುವ ಅಂಕಿ) ಸಲೀಸಾಗಿ 6400 ಮುಟ್ಟುತ್ತದೆ. ಇಲ್ಲಿ ನೀವು ವೇದಿಕೆಯ ಹತ್ತಿರವೇ ಕೂತಿರುತ್ತೀರಿ, ವೇಷವನ್ನು ಫ್ರೇಮಿನ ತುಂಬ ತುಂಬಿಸಬಹುದು. ಸೆನ್ಸರ್‌ನ ಒಂದಿಂಚೂ ವ್ಯರ್ಥವಾಗುವುದಿಲ್ಲ. ಫುಲ್ ಫ್ರೇಮ್‌ನ ವಿಸ್ತೀರ್ಣ ಕ್ರಾಪ್‌ನ ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಒಂದೇ ಅಪರ್ಚರ್ (ಲೆನ್ಸ್ ಕಿಂಡಿಯ ಅಗಲ), ಒಂದೇ ಶಟರ್ ಇಟ್ಟರೆ ಒಟ್ಟು ಹಿಡಿಯುವ ಬೆಳಕೂ ಅಷ್ಟೇ ಪಟ್ಟು ಜಾಸ್ತಿ. ಲೆಕ್ಕದಲ್ಲಿ ಒಂದು ಸ್ಟಾಪ್‌ಗಿಂತ ಸ್ವಲ್ಪ ಮೇಲೆ; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಅಂದರೆ ಫುಲ್ ಫ್ರೇಮ್‌ನ 6400ರಲ್ಲಿ ಕಾಣುವ ನಾಯ್ಸ್ (ಮರಳು ಚೆಲ್ಲಿದಂಥ ಕಲೆ) ಅದೇ ಕಾಲದ ಕ್ರಾಪ್ ಕ್ಯಾಮೆರಾದ 2800ರಷ್ಟು. ಬಣ್ಣದ ವೇಷದ ಮುಖದ ಮೇಲೆ ಸಾಲಾಗಿ ಇಟ್ಟ ಚುಟ್ಟಿ (ಬಿಳಿ ಚುಕ್ಕಿ) ಒಂದೊಂದೇ ಎಣಿಸುವ ಹಾಗೆ ಬರಬೇಕು ಅಂದರೆ ಈ ವ್ಯತ್ಯಾಸ ಬೇಕೇ ಬೇಕು.

ಆದರೆ ತುಂಬ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ. ಇರುವ ದುಡ್ಡನ್ನೆಲ್ಲ ಫುಲ್ ಫ್ರೇಮ್ ಕ್ಯಾಮೆರಾದ ಮೇಲೇ ಸುರಿದು, ಜೊತೆಗೆ ಬಂದ ಎಫ್/4 ಜೂಮ್ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ, ಬೆಳಕು ಜಾಸ್ತಿ) ಹಾಕಿಕೊಂಡು ಆಟಕ್ಕೆ ಬರುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಕ್ರಾಪ್‌ಗೆ ಎಫ್/2.8 ಲೆನ್ಸ್ ಹಾಕಿ ಕೂತಿರುತ್ತಾರೆ. ಇಬ್ಬರ ಫೋಟೋದಲ್ಲಿ ನಾಯ್ಸ್ ಹೆಚ್ಚುಕಮ್ಮಿ ಒಂದೇ, ಹಿಂಬದಿ ಮಸುಕಾಗುವುದೂ ಹೆಚ್ಚುಕಮ್ಮಿ ಒಂದೇ. ಒಂದು ಸ್ಟಾಪ್ ಲೆನ್ಸ್‌ನಲ್ಲಿ ಕಳೆದುಕೊಂಡು ಸೆನ್ಸರ್‌ನಲ್ಲಿ ಸಂಪಾದಿಸಿದರೆ ಬಂದ ಲಾಭವೇನು? ಫುಲ್ ಫ್ರೇಮ್ ಕೊಳ್ಳುವುದಾದರೆ ಅದಕ್ಕೆ ತಕ್ಕ ಲೆನ್ಸ್‌ನ ಬೆಲೆಯನ್ನೂ ಸೇರಿಸಿಯೇ ಬಜೆಟ್ ಹಾಕಿ. ಆಗದಿದ್ದರೆ ಕ್ರಾಪ್‌ನಲ್ಲೇ ಇದ್ದು ಒಂದು 50 ಎಂಎಂ ಎಫ್/1.8 ತಗೊಳ್ಳಿ. ಅಷ್ಟು ಕಡಿಮೆ ಬೆಲೆಗೆ ಅಷ್ಟು ಬೆಳಕು ಕೊಡುವ ಲೆನ್ಸ್ ಇನ್ನೊಂದು ಸಿಗುವುದು ಕಷ್ಟ.

ಇರುವ ಲೆನ್ಸ್ ಹೊಸ ಕ್ಯಾಮೆರಾಗೆ ಕೂರುತ್ತದಾ ಅಂತಲೂ ನೋಡಿಕೊಳ್ಳಿ. ಕ್ಯಾನನ್‌ನ ಇಎಫ್-ಎಸ್ ಲೆನ್ಸ್ (ಕ್ರಾಪ್ ಕ್ಯಾಮೆರಾಗೆಂದೇ ಮಾಡಿದ್ದು) ಅವರದೇ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ನಿಕಾನ್‌ನ ಕ್ರಾಪ್ ಲೆನ್ಸ್, ಅಂದರೆ ಡಿಎಕ್ಸ್, ಕೂರುತ್ತದೆ, ಆದರೆ ಸೆನ್ಸರ್‌ನ ನಡುಭಾಗಕ್ಕಷ್ಟೇ ಚಿತ್ರ.

ಹಕ್ಕಿಯೂ ಬೇಕು, ಆಟವೂ ಬೇಕು ಅನ್ನುವವರು ಇನ್ನೊಂದು ಕೆಲಸ ಮಾಡಿ. ನಿಮ್ಮ ಕಳೆದ ವರ್ಷದ ಫೋಟೋಗಳಲ್ಲಿ ನಿಮಗೇ ಇಷ್ಟವಾದವನ್ನು ತೆರೆದು ಅವುಗಳ ವಿವರ ನೋಡಿ. ಐಎಸ್‌ಒ ಹೆಚ್ಚಾಗಿ 800ರೊಳಗೇ ಇದೆಯಾ? ಸೆನ್ಸರ್ ಬದಲಾಯಿಸಿದರೆ ನಿಮ್ಮ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಜೂಮ್ ಯಾವಾಗಲೂ ಕೊನೇ ತುದಿಯಲ್ಲೇ ನಿಂತಿದೆಯಾ? ನಿಮಗೆ ಬೇಕಿರುವುದು ಉದ್ದದ ಲೆನ್ಸ್, ಕ್ರಾಪ್ ಬಾಡಿ ಇರಲಿ. 3200, 6400 ಅಂತಲೇ ಕಾಣುತ್ತಿದ್ದು, ಲೆನ್ಸ್ ಆಗಲೇ ಎಫ್/2.8 ಅಥವಾ ಅದಕ್ಕಿಂತ ಅಗಲದ್ದಾಗಿದ್ದರೆ ಫುಲ್ ಫ್ರೇಮ್‌ಗೆ ಹೋಗಿ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಓಡಿದೆ ಅನ್ನುವ ಲೆಕ್ಕ) ಮಾತ್ರ ಕೇಳಿಕೊಂಡು ತಗೊಳ್ಳಿ.