ಅಂಬಾಸಿಡರ್ ಮಿಸ್ಸಿಂಗ್: ಕೊನೆಗೂ ಕಳ್ಳ ಸಿಕ್ಕಿದ

ನಮ್ಮ 1986ರ ಅಂಬಾಸಿಡರ್ ಮಾರ್ಕ್ 4 ಮೂರು ವಾರದಿಂದ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಇಂಜಿನ್ನಿನಲ್ಲಿ ಆಗಾಗ ಕಿಡಿ ತಪ್ಪುತ್ತಿತ್ತು. ನಿಂತಲ್ಲಿ ಇಂಜಿನ್ ಹದವಾಗಿಯೇ ಓಡುತ್ತದೆ. ಬಸವನಗುಡಿಯ ಒಳರಸ್ತೆಗಳಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಗಡಗಡ ಜಗ್ಗುತ್ತದೆ. ವಿಚಿತ್ರ ಏನೆಂದರೆ, ಡೇರಿ ಸರ್ಕಲ್ ಫ್ಲೈಓವರ್‌ನಲ್ಲಿ ಪೂರ್ತಿ ಒತ್ತಿದಾಗ ಸಲೀಸಾಗಿ ಹತ್ತಿಬಿಡುತ್ತದೆ!

ಮೊದಲ ಎರಡು ವಾರ ಸುಮ್ನೆ ದುಡ್ಡು ಸುರಿದಿದ್ದೇ ಬಂತು. ಜೆ.ಸಿ. ರಸ್ತೆಯಿಂದ ಕಿಡಿಗೆ ಸಂಬಂಧಿಸಿದ ಭಾಗಗಳನ್ನೆಲ್ಲ, ಅಂದರೆ ಪ್ಲಗ್, ಕಂಡೆನ್ಸರ್, ಕಾಯಿಲ್ ತಂದೆ. ಹೊಸ ಕಂಡೆನ್ಸರ್ ಎರಡೇ ದಿನಕ್ಕೆ ಕೈಕೊಟ್ಟಿತು, ಹಳೆಯದನ್ನೇ ವಾಪಸ್ ಹಾಕಿದೆ. ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟಿನ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ) ಇಟ್ಟೆ. ಊಹೂಂ.

ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಹೇಳಿದರು: "ಫುಲ್ ರೇಸಲ್ಲಿ ಸರಿ, ಅರ್ಧ ರೇಸಲ್ಲಿ ಇಲ್ಲ ಅಂದ್ರೆ ಕಾಯಿಲ್ ಬಿಡಿ ಸಾರ್. ಡೆಲ್ಕೋ ಒಳಗಿನ ವೈರ್ ನೋಡಿ."

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ; ಪಾಯಿಂಟ್ ಇರುವುದೂ ಅದರೊಳಗೇ. ಆಗ ಹೊಳೆಯಿತು. ಥ್ರಾಟಲ್ ಸ್ವಲ್ಪ ತೆರೆದಾಗ ಕಾರ್ಬುರೇಟರ್ ಕಡೆಯಿಂದ ವ್ಯಾಕ್ಯೂಮ್ ಎಳೆದು, ಪಾಯಿಂಟ್ ಕೂತಿರುವ ಪ್ಲೇಟು ಒಂದಿಷ್ಟು ತಿರುಗುತ್ತದೆ. ಐಡ್ಲಿಂಗ್‌ನಲ್ಲೂ ಪೂರ್ತಿ ಒತ್ತಿದಾಗಲೂ ಆ ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪ್ಲೇಟು ತಿರುಗಿದಾಗೆಲ್ಲ ಪಾಯಿಂಟಿನ ಗಿಡ್ಡ ವೈರ್ ಬಗ್ಗುತ್ತದೆ, ಅಲ್ವಾ?

ಭಾನುವಾರ ಬೆಳಿಗ್ಗೆ ಡೆಲ್ಕೋ ಕ್ಯಾಪ್ ಬಿಚ್ಚಿದೆ. ಮಲ್ಟಿಮೀಟರಿನ ಒಂದು ತುದಿ ಹೊರಗಿನ ಟರ್ಮಿನಲ್‌ಗೆ, ಇನ್ನೊಂದು ಪಾಯಿಂಟಿನ ಸ್ಪ್ರಿಂಗಿಗೆ. ನಡುವೆ ವೈರ್ ಕಡಿಯದೆ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಬೀಪ್. ವ್ಯಾಕ್ಯೂಮ್ ಪೈಪನ್ನು ಕಾರ್ಬುರೇಟರ್‌ನಿಂದ ಕಿತ್ತು ಬಾಯಲ್ಲಿ ಎಳೆದೆ. ಪೆಟ್ರೋಲ್ ವಾಸನೆ, ಥೂ! ಪ್ಲೇಟು ಮೆಲ್ಲಗೆ ಸರಿಯಿತು, ಬೀಪ್ ನಿಂತುಹೋಯಿತು. ಬಿಟ್ಟರೆ ಮತ್ತೆ ಬೀಪ್. ಖುಷಿಗೆ ಆರು ಸಲ ಎಳೆದಿರಬೇಕು. "ಅಮ್ಮಾ, ಅಪ್ಪ ಕಾರಿಗೆ ಸ್ಟ್ರಾ ಹಾಕ್ಕೊಂಡು ಏನೋ ಕುಡೀತಿದಾರೆ" ಅಂತ ಮಗಳು ಒಳಗೆ ಓಡಿದಳು.

ವೈರ್ ಮೇಲ್ನೋಟಕ್ಕೆ ಗಟ್ಟಿಮುಟ್ಟು. ಬೆರಳಲ್ಲಿ ಎಳೆದರೆ ಮಧ್ಯದಲ್ಲಿ ರಬ್ಬರಿನಂತೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡು. ಮನೆ ವೈರಿಂಗಿನ ತಂತಿ ಇಲ್ಲಿಗೆ ಆಗಲ್ಲ, ಬಗ್ಗಿ ಬಗ್ಗಿ ಬೇಗ ಮುರಿಯುತ್ತದೆ. ಎಸ್.ಪಿ. ರಸ್ತೆಯಿಂದ ಸಣ್ಣೆಳೆಗಳ ಸಿಲಿಕಾನ್ ವೈರ್ ಒಂದಡಿ ತಂದು, ತುದಿಗಳಿಗಷ್ಟೇ ಸೋಲ್ಡರ್ ಹಾಕಿದೆ. ನಡುವೆ ತಿರುಗುವ ಕ್ಯಾಮಿಗೆ ತಾಗದಷ್ಟು ಉದ್ದ, ಆದರೆ ಬಗ್ಗಲು ಸ್ವಲ್ಪ ಸಡಿಲ.

ಸಂಜೆ ಸೌತ್ ಎಂಡ್ ಸರ್ಕಲ್‌ವರೆಗೆ ಹೋಗಿ ಬಂದೆ. ಒಂದು ಜಗ್ಗೂ ಇಲ್ಲ. ಪ್ಲೇಟಿನ ಅರ್ತ್ ವೈರೂ ಅದೇ ವಯಸ್ಸಿನದು, ಮುಂದಿನ ಭಾನುವಾರ ಅದಕ್ಕೂ ಕೈಹಾಕಬೇಕು. ಇನ್ನೂ ಅರ್ಧ ಅಡಿ ವೈರ್ ಉಳಿದಿದೆ.