ಪೆಂಬ್ರೋಕ್‌ಶೈರ್: ಮೊದಲು ನೀರು, ಆಮೇಲೆ ಕಲ್ಲು

ವೇಲ್ಸ್‌ನ ನೈಋತ್ಯ ತುದಿಯ ಪೆಂಬ್ರೋಕ್‌ಶೈರ್‌ನಲ್ಲಿ ಕೋಟೆ ನೋಡಲು ಹೊರಟವರು ಮೊದಲು ತೆರೆದು ನೋಡಬೇಕಾದದ್ದು ಉಬ್ಬರ-ಇಳಿತದ ವೇಳಾಪಟ್ಟಿ. ಮಂಗಳೂರಿನ ಕಡಲು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರ್. ಇಲ್ಲಿನ ಮಿಲ್‌ಫರ್ಡ್ ಹೇವನ್ ಅಳಿವೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಅದು 6 ಮೀಟರಿಗೂ ಮೀರುತ್ತದೆ. 11ನೇ ಶತಮಾನದಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಇಲ್ಲಿ ಬೇರೂರಿದ್ದೇ ಈ ನೀರನ್ನು ನಂಬಿ. ದಂಡಿಗೂ ದವಸಕ್ಕೂ ಕಡಲೇ ದಾರಿಯಾಗಿತ್ತು.

ಕೆರೂ ಕೋಟೆಗೆ ಇಳಿತದ ಹೊತ್ತಿಗೆ ಹೋಗಿ. ಫೋಟೋದವರು ತುಂಬು ನೀರು ಕೇಳುತ್ತಾರೆ, ಆದರೆ ಪಕ್ಕದ ಹಿಟ್ಟಿನ ಗಿರಣಿ ಅರ್ಥವಾಗುವುದು ನೀರು ಇಳಿದಾಗಲೇ. ಉಬ್ಬರದ ನೀರು ಬಾಗಿಲುಗಳ ಮೂಲಕ 23 ಎಕರೆಯ ಕೊಳಕ್ಕೆ ನುಗ್ಗುತ್ತಿತ್ತು, ತುಂಬಿದ ಮೇಲೆ ಬಾಗಿಲು ಮುಚ್ಚುತ್ತಿದ್ದರು. ಹೊರಗೆ ಕಡಲು ಸಾಕಷ್ಟು ಇಳಿದ ಬಳಿಕ ಕೊಳದ ನೀರನ್ನು ಚಕ್ರಗಳ ಮೇಲೆ ಬಿಡುತ್ತಿದ್ದರು. ಇಳಿತದಲ್ಲಿ ಕಟ್ಟೆಯ ಮೇಲೆ ನಿಂತರೆ ಒಂದು ಬದಿ ನೀರು, ಇನ್ನೊಂದು ಬದಿ ಬರೀ ಕೆಸರು. ಈ ಎತ್ತರದ ವ್ಯತ್ಯಾಸವೇ ಗಿರಣಿಯ ಶಕ್ತಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಗಿರಣಿಯವನ ದುಡಿಮೆಯ ಹೊತ್ತೂ ದಿನದಿನಕ್ಕೆ ಸರಿಯುತ್ತಿತ್ತು. ಕೊಳ ಸುತ್ತಿ ಬರಲು ಒಂದು ಮೈಲಿ. ಕೋಟೆಯ ಉತ್ತರ ಬದಿಯ ಎತ್ತರದ ಕಿಟಕಿಗಳು ಆ ದಾರಿಯಿಂದ ಚೆನ್ನಾಗಿ ಕಾಣುತ್ತವೆ. ಅವನ್ನು ಕಟ್ಟಿಸಿದ ಸರ್ ಜಾನ್ ಪೆರೊಟ್ 1592ರಲ್ಲಿ ಲಂಡನ್ ಟವರ್‌ನಲ್ಲಿ ಕೈದಿಯಾಗಿಯೇ ತೀರಿಕೊಂಡ.

ಪೆಂಬ್ರೋಕ್ ಕೋಟೆಯಲ್ಲಿ ಅದರ ಒಡೆಯ ವಿಲಿಯಂ ಮಾರ್ಷಲ್ 1200ರ ಸುಮಾರಿಗೆ ಕಟ್ಟಿಸಿದ ದುಂಡು ಗೋಪುರದ ಒಳಗೆ ನಿಂತು ತಲೆಯೆತ್ತಿ. ಮರದ ಅಂತಸ್ತುಗಳೆಲ್ಲ ಹೋಗಿವೆ, ಗೋಡೆಯಲ್ಲಿ ತೊಲೆ ಕೂರಿಸಿದ ಗುಳಿಗಳು ಮಾತ್ರ ಉಳಿದಿವೆ. ಹಾಗಾಗಿಯೇ ನೆಲದಿಂದ ಕಲ್ಲಿನ ಗುಮ್ಮಟದವರೆಗೂ ನೋಟ ಹರಿಯುತ್ತದೆ. ಸುರುಳಿ ಮೆಟ್ಟಿಲುಗಳು ನಡುಗಂಬದ ಕಡೆ ಪಾದ ಹಿಡಿಯದಷ್ಟು ಕಿರಿದು. ಹೊರಗೋಡೆಗೆ ಒತ್ತಿಕೊಂಡು ನಡೆಯಿರಿ, ಇಳಿಯುವಾಗ ಎರಡು ಕೈಯೂ ಖಾಲಿ ಇರಲಿ. ಕೋಟೆಯ ಅಡಿಯ ವೋಗನ್ ಗುಹೆ ಸುಣ್ಣಕಲ್ಲಿನಲ್ಲಿ ತಾನಾಗಿ ಆದದ್ದು. ದೋಣಿಯ ಸರಕು ಒಳಗೆ ಬರುತ್ತಿದ್ದದ್ದು ಇಲ್ಲಿಂದ. ನೆಲ ಸದಾ ಒದ್ದೆ, ಚಪ್ಪಲಿ ಬೇಡ. ಉತ್ಖನನ ನಡೆಯುವಾಗ ಗುಹೆ ಮುಚ್ಚಿರಬಹುದು, ಮೊದಲೇ ವಿಚಾರಿಸಿ.

1457ರಲ್ಲಿ ಇದೇ ಕೋಟೆಯಲ್ಲಿ ಹದಿಮೂರರ ತಾಯಿಗೆ ಹುಟ್ಟಿದ ಮಗು ಮುಂದೆ ಇಂಗ್ಲೆಂಡಿನ ದೊರೆ ಏಳನೇ ಹೆನ್ರಿ. ತಂದೆ ಎಡ್ಮಂಡ್ ಟ್ಯೂಡರ್ ಮಗ ಹುಟ್ಟುವ ಮೊದಲೇ ಸತ್ತಿದ್ದ. ಅವನ ಸಮಾಧಿ ನೋಡಲು ಸೇಂಟ್ ಡೇವಿಡ್ಸ್‌ನ ಕ್ಯಾಥೆಡ್ರಲ್‌ಗೆ, ಅಂದರೆ ಬಿಷಪ್ಪರ ಪ್ರಧಾನ ಚರ್ಚಿಗೆ, ಹೋಗಬೇಕು.

ಆ ಊರಿಗೆ ರೈಲಿಲ್ಲ. ಹ್ಯಾವರ್‌ಫರ್ಡ್‌ವೆಸ್ಟ್ ನಿಲ್ದಾಣದಲ್ಲಿ ಇಳಿದು ಟಿ11 ಬಸ್ಸು ಹಿಡಿಯಬೇಕು. ಕ್ಯಾಥೆಡ್ರಲ್ ಇರುವುದು ತಗ್ಗಿನಲ್ಲಿ, ಕಡಲಿನಿಂದ ಬರುವವರ ಕಣ್ಣಿಗೆ ಬೀಳದಂತೆ. ಆದರೂ ವೈಕಿಂಗರು ಆ ಜಾಗವನ್ನು ಮತ್ತೆಮತ್ತೆ ದೋಚಿದರು. ಈಗಿನ ಕಟ್ಟಡ ಶುರುವಾದದ್ದು 1181ರಲ್ಲಿ. ಪಶ್ಚಿಮದ ತುದಿಯಲ್ಲಿ ಒಂದೆರಡು ನಿಮಿಷ ಅಲ್ಲಾಡದೆ ನಿಲ್ಲಿ: ನೆಲ ಪೂರ್ವಕ್ಕೆ ಏರುತ್ತ ಹೋಗುತ್ತದೆ, ಎರಡು ತುದಿಗಳ ನಡುವೆ ಸುಮಾರು 4 ಮೀಟರ್ ವ್ಯತ್ಯಾಸ. ಕಂಬಗಳು ಹೊರಕ್ಕೆ ವಾಲಿವೆ. ಕಾರಣ ಜವುಗು ನೆಲ, ಜೊತೆಗೆ 13ನೇ ಶತಮಾನದ ಭೂಕಂಪ. ಈ ಗೋಡೆಗಳು ಕಲ್ಲಿನ ಚಾವಣಿಯ ಭಾರ ಹೊರಲಾರವು, ಅದಕ್ಕೇ ಮೇಲೆ ಕೆತ್ತನೆಯ ಓಕ್ ಮರದ ಚಾವಣಿ. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಚೆಲುವಾದ ಚಾವಣಿ ಇಲ್ಲ.

ಟಿಕೆಟ್ಟಿನಲ್ಲಿ ಎಡವುವವರು ಬಹಳ. ವೇಲ್ಸ್ ಸರ್ಕಾರದ ಸ್ಮಾರಕಗಳನ್ನು ನೋಡಿಕೊಳ್ಳುವ ಕ್ಯಾಡು ಇಲಾಖೆಯ ಪಾಸು ಸೇಂಟ್ ಡೇವಿಡ್ಸ್‌ನ ಬಿಷಪ್ ಅರಮನೆಗೆ ನಡೆಯುತ್ತದೆ, ಪೆಂಬ್ರೋಕ್, ಕೆರೂ, ಮ್ಯಾನರ್‌ಬಿಯರ್ ಕೋಟೆಗಳಿಗೆ ನಡೆಯುವುದಿಲ್ಲ. ಕಡಲತೀರದ ಟೆನ್‌ಬಿ ಪಟ್ಟಣದ ಟ್ಯೂಡರ್ ಕಾಲದ ವ್ಯಾಪಾರಿಯ ಮನೆ ನ್ಯಾಷನಲ್ ಟ್ರಸ್ಟ್ ಎಂಬ ಬೇರೆ ಸಂಸ್ಥೆಯದು. ಆ ಮನೆಯ ಹತ್ತಿರದ ಸೇಂಟ್ ಮೇರೀಸ್ ಚರ್ಚನ್ನು ಬಿಡಬೇಡಿ. 1557ರಲ್ಲಿ ಗಣಿತದ ಸಮ ಚಿಹ್ನೆಯನ್ನು (=) ಅಚ್ಚಿಗೆ ತಂದ ರಾಬರ್ಟ್ ರೆಕಾರ್ಡ್ ಟೆನ್‌ಬಿಯವನು, ಅವನ ಸ್ಮಾರಕ ಒಳಗಿದೆ.

ಬಂಡೆಯ ಬಿರುಕಿನಲ್ಲಿ ಕಡಲಿಗೆ ಮುಖಮಾಡಿ ಕುಳಿತ ಸೇಂಟ್ ಗೋವನ್ ಗುಡಿಯನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಅದು ಸೇನೆಯ ಫಿರಂಗಿ ಅಭ್ಯಾಸದ ಬಯಲಿನೊಳಗಿದೆ. ಗುಂಡು ಹಾರಿಸುವ ದಿನ ಹತ್ತಿರದ ಬೋಶರ್‌ಸ್ಟನ್ ಹಳ್ಳಿಯಿಂದಾಚೆ ರಸ್ತೆಗೆ ಅಡ್ಡಗಂಬ ಇಳಿದಿರುತ್ತದೆ, ಅಲ್ಲಿಂದ ಮುಂದೆ ಯಾರನ್ನೂ ಬಿಡುವುದಿಲ್ಲ.